ಆರು ವರ್ಷದ ಪಿಪಿಎಫ್ ಕೀಳಿಸಿದೆ: ಬಾನೆಟ್ ಉಳಿಯಿತು, ಫೆಂಡರ್ ಹೋಯಿತು

ಕಾರಿಗೆ ಪಿಪಿಎಫ್, ಅಂದರೆ ಬಣ್ಣ ಕಾಪಾಡಲು ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್), ಹಾಕಿಸಿದವರ ವಿಡಿಯೊಗಳು ಬೇಕಾದಷ್ಟಿವೆ. ಹೊಸ ಕಾರು, ಫಳಫಳ ಹೊಳಪು, ಮೇಲೆ ಗೀಚಿ ಬಿಸಿನೀರು ಸುರಿದರೆ ಗೀರು ಮಾಯ. ಆರು ವರ್ಷ ಆದಮೇಲೆ ಅದೇ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಫಿಲ್ಮಿನ ಚೂರುಗಳನ್ನು ಉಗುರಿನಲ್ಲಿ ಕೆರೆಯುವವರ ವಿಡಿಯೊ ಮಾತ್ರ ಯಾರೂ ಹಾಕುವುದಿಲ್ಲ. ನಾನು ಹೋದ ತಿಂಗಳು ಮಾಡಿದ್ದು ಅದನ್ನೇ. ಅದಕ್ಕೇ ಈ ರಿವ್ಯೂ, ಹಾಕಿಸಿದ್ದಕ್ಕಿಂತ ಕೀಳಿಸಿದ್ದರ ಬಗ್ಗೆಯೇ ಜಾಸ್ತಿ.

ಮೊದಲು ಕಥೆ. 2018ರಲ್ಲಿ ಬಿಳಿ ಕ್ರೆಟಾ ತಗೊಂಡೆ. ಹೆಂಡತಿಯ ತವರು ಪುತ್ತೂರು, ಹಾಗಾಗಿ ತಿಂಗಳಿಗೊಮ್ಮೆಯಾದರೂ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿಯಲೇಬೇಕು. ಆ ರಸ್ತೆ ಗೊತ್ತಿರುವವರಿಗೆ ಬೇರೆ ಹೇಳಬೇಕಾಗಿಲ್ಲ. ಒಂದಲ್ಲ ಒಂದು ಕಡೆ ಅಗೆದಿರುತ್ತಾರೆ, ಮುಂದೆ ಟಿಪ್ಪರ್ ಇರುತ್ತದೆ, ಅದರ ಚಕ್ರದಿಂದ ಜಲ್ಲಿ ಹಾರುತ್ತಿರುತ್ತದೆ. ಹಳೆಯ ಆಲ್ಟೊ ಮಾರುವ ಹೊತ್ತಿಗೆ ಅದರ ಬಾನೆಟ್ ಸಿಡುಬು ಎದ್ದ ಮುಖದ ಹಾಗಿತ್ತು. ಹೊಸ ಕಾರಿಗೆ ಆ ಗತಿ ಬರಬಾರದು ಎಂದು ಮುಂಭಾಗಕ್ಕೆ ಮಾತ್ರ ಫಿಲ್ಮ್ ಹಾಕಿಸಿದೆ. ಬಂಪರ್, ಪೂರ್ತಿ ಬಾನೆಟ್, ಎರಡು ಫೆಂಡರ್ (ಮುಂದಿನ ಚಕ್ರದ ಮೇಲಿನ ಭಾಗ), ಎರಡು ಕನ್ನಡಿ. 42,000 ರೂಪಾಯಿ, ಐದು ವರ್ಷದ ವಾರಂಟಿ. ಅಂಗಡಿಯ ಹೆಸರು ಹೇಳುವುದಿಲ್ಲ, ಈಗ ಅಲ್ಲಿ ಬೇರೆಯವರಿದ್ದಾರೆ.

ಫಿಲ್ಮ್ ಅಂದರೆ ಏನು ಅಂತ ಕೇಳುವವರಿಗೆ: ಮೊಬೈಲಿಗೆ ಹಾಕುವ ಮೆತ್ತನೆಯ ಪಾರದರ್ಶಕ ಬ್ಯಾಕ್ ಕವರ್ ಇದೆಯಲ್ಲ, ಅದರದೇ ಜಾತಿ. ಎರಡೂ ಟಿಪಿಯು ಅನ್ನುವ, ರಬ್ಬರಿನ ಹಾಗೆ ಹಿಗ್ಗುವ ಪ್ಲಾಸ್ಟಿಕ್. ಕಾರಿಗೆ ಹಾಕುವುದು ಸುಮಾರು 200 ಮೈಕ್ರಾನ್ ದಪ್ಪ ಇರುತ್ತದೆ, ಒಂದು ಕಡೆ ಅಂಟು, ಇನ್ನೊಂದು ಕಡೆ ಬಿಸಿಲು ತಡೆಯುವ, ಸಣ್ಣ ಗೀರನ್ನು ಬಿಸಿಗೆ ತಾನೇ ಮುಚ್ಚಿಕೊಳ್ಳುವ ಪದರ. ಕಂಪನಿಯಿಂದ ಬರುವ ಬಣ್ಣ ಎಲ್ಲ ಪದರ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಅಂದರೆ ಬಣ್ಣಕ್ಕಿಂತ ಅದರ ರೇನ್‌ಕೋಟೇ ದಪ್ಪ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದವರು ಹೆಲಿಕಾಪ್ಟರಿನ ರೆಕ್ಕೆಗಳಿಗೆ ಮರಳು, ಕಲ್ಲು ಬಡಿಯದಿರಲಿ ಎಂದು ಶುರು ಮಾಡಿದ್ದಂತೆ ಇದು. ನಾವು ಟಿಪ್ಪರಿಗೆ ಹೆದರಿ ಹಾಕಿಸುತ್ತೇವೆ. ಸೆರಾಮಿಕ್ ಕೋಟಿಂಗ್ ಬೇರೆ, ಇದು ಬೇರೆ. ಸೆರಾಮಿಕ್ ತೀರಾ ತೆಳು, ಹೊಳಪು ಕೊಡುತ್ತದೆ, ನೀರು ಜಾರಿಸುತ್ತದೆ, ಆದರೆ ಕಲ್ಲು ಬಿದ್ದರೆ ಅದರ ಕೈಯಲ್ಲಿ ಏನೂ ಆಗದು.

ಆರು ವರ್ಷದಲ್ಲಿ ಫಿಲ್ಮ್ ಕೆಲಸ ಮಾಡಿತಾ? ಮಾಡಿತು, ಇದರಲ್ಲಿ ನನಗೆ ಅನುಮಾನವಿಲ್ಲ. ಒಮ್ಮೆ ಘಾಟಿಯಲ್ಲಿ ಮಾರನಹಳ್ಳಿ ದಾಟಿದ ಮೇಲೆ ಬಾನೆಟ್ಟಿಗೆ ಟಣ್ ಅಂತ ಒಂದು ಜಲ್ಲಿ ಬಡಿಯಿತು, ಒಳಗಿದ್ದವರೆಲ್ಲ ತಲೆ ತಗ್ಗಿಸುವಷ್ಟು ಜೋರಾಗಿ. ಇಳಿದು ನೋಡಿದರೆ ಫಿಲ್ಮಿನ ಮೇಲೆ ಕಡಲೆಕಾಳಿನಷ್ಟು ತರಚು. ಅಷ್ಟೇ. ಬಣ್ಣ ಹಾಗೇ ಇತ್ತು. ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುವ ಹುಡುಗ ಇಪ್ಪತ್ತು ಕಾರಿಗೂ ಒಂದೇ ಬಟ್ಟೆ ಬಳಸುತ್ತಾನೆ. ಅವನು ಎಳೆದ ಸುತ್ತು ಗೀರುಗಳು ಮಧ್ಯಾಹ್ನದ ಬಿಸಿಲಿಗೆ ಮಾಯವಾಗುತ್ತಿದ್ದವು, ಮೊದಲ ಮೂರು ವರ್ಷ. ಆಮೇಲೆ ಆ ಮ್ಯಾಜಿಕ್ ನಿಂತಿತು.

ಕಾಟಗಳೂ ಇದ್ದವು. ಹೊಂಗೆ ಮರದ ಕೆಳಗೆ ಎರಡು ದಿನ ನಿಲ್ಲಿಸಿದ್ದಕ್ಕೆ ಹಕ್ಕಿ ಹಿಕ್ಕೆಯ ಗುರುತು ಫಿಲ್ಮಿನಲ್ಲಿ ಇಳಿದುಬಿಟ್ಟಿತು, ಏನು ಮಾಡಿದರೂ ಹೋಗಲಿಲ್ಲ. ಬೋರ್‌ವೆಲ್ ನೀರಿನ ಬಿಳಿ ಚುಕ್ಕೆಗಳೂ ಅದರ ಮೇಲೆ ಬೇಗ ಕೂರುತ್ತವೆ. ಎಲ್ಲಕ್ಕಿಂತ ರೇಜಿಗೆ ಅಂಚಿನದು. ಬಾನೆಟ್ಟಿನ ಅಂಚನ್ನು ಒಳಗೆ ಮಡಚಿ ಅಂಟಿಸದೆ, ಎರಡು ಮಿಲಿಮೀಟರ್ ಹಿಂದೆಯೇ ಕತ್ತರಿಸಿದ್ದರು. ಅಲ್ಲಿ ಧೂಳು ಕೂತು, ಬಿಳಿ ಕಾರಿಗೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಗೆರೆ. ಇಯರ್‌ಬಡ್ ಹಿಡಿದು ಅಂಚು ಒರೆಸುತ್ತಾ ಎಷ್ಟು ಭಾನುವಾರ ಕಳೆದಿದ್ದೇನೋ.

ನಾಲ್ಕನೇ ವರ್ಷಕ್ಕೆ ಹಳದಿ ಶುರುವಾಯಿತು. ಒಂದೇ ಸಲ ಆಗಲ್ಲ ಅದು, ದಿನಾ ನೋಡುವವರಿಗೆ ಗೊತ್ತೂ ಆಗಲ್ಲ. ಪುತ್ತೂರಿನ ಅಂಗಳದಲ್ಲಿ ನಿಲ್ಲಿಸಿದಾಗ ಹೆಂಡತಿಯ ತಮ್ಮ ಕಾರಿನ ಸುತ್ತ ಒಂದು ರೌಂಡ್ ಹೊಡೆದು, "ಭಾವ, ಬಾನೆಟ್ ಬೇರೆ ಕಾರಿನದ್ದಾ?" ಎಂದ. ನೋಡಿದೆ. ಬಾಗಿಲು ಹಾಲಿನ ಬಣ್ಣ, ಬಾನೆಟ್ ಬೆಣ್ಣೆ ಬಣ್ಣ. ವಾರಂಟಿ ಇನ್ನೂ ಆರು ತಿಂಗಳಿತ್ತು. ಕಾರ್ಡ್ ಹುಡುಕಿ ತಗೊಂಡು ಹೋದರೆ, ಅದರಲ್ಲಿ ಫಿಲ್ಮಿನ ರೋಲ್ ನಂಬರ್ ಬರೆಯುವ ಜಾಗ ಖಾಲಿ. "ಈಗ ಆ ಬ್ರ್ಯಾಂಡ್ ನಾವು ಇಟ್ಟಿಲ್ಲ ಸಾರ್, ಹೊಸದು ಹಾಕಿಸಿ, ಡಿಸ್ಕೌಂಟ್ ಕೊಡ್ತೀವಿ" ಎಂದರು. ತಪ್ಪು ನನ್ನದೂ ಇದೆ, ಹಾಕಿಸಿದ ದಿನ ಕಾರ್ಡಿನ ಹಿಂಬದಿ ನೋಡಿರಲೇ ಇಲ್ಲ. ಆವತ್ತೇ ಕೀಳಿಸಬೇಕಿತ್ತು. ಸಿಟ್ಟಿನಲ್ಲಿ ಮನೆಗೆ ಬಂದು ಇನ್ನೂ ಒಂದೂವರೆ ವರ್ಷ ಹಾಗೇ ಬಿಟ್ಟೆ. ದುಡ್ಡು ದಂಡವಾಗಲು ಶುರುವಾದದ್ದು ಅಲ್ಲಿಂದ.

ಯಾಕೆಂದರೆ ಫಿಲ್ಮ್ ಹಳೆಯದಾದಷ್ಟೂ ಕೀಳುವುದು ಕಷ್ಟ. ಹೊಸದರಲ್ಲಿ ರಬ್ಬರಿನ ಹಾಗೆ ಹಿಗ್ಗುತ್ತದೆ, ಹಾಳೆ ಹಾಳೆಯಾಗಿ ಬರುತ್ತದೆ. ಬಿಸಿಲು ಕುಡಿದು ಕುಡಿದು ಒಣಗಿದ ಮೇಲೆ ಹಪ್ಪಳ. ಮುರಿದು ಕೈಗೆ ಬರುತ್ತದೆ, ಅಂಟು ಬಣ್ಣದ ಮೇಲೇ ಉಳಿಯುತ್ತದೆ.

ನಾನೇ ಕೀಳುತ್ತೇನೆ ಎಂದು ಒಂದು ಭಾನುವಾರ ಎಡಗಡೆ ಕನ್ನಡಿಯ ಕವರಿನಿಂದ ಶುರು ಮಾಡಿದೆ. ಹೆಂಡತಿಯ ಹೇರ್ ಡ್ರೈಯರ್, ಎಕ್ಸ್‌ಟೆನ್ಶನ್ ಬೋರ್ಡ್, ಒಂದು ಹಳೆಯ ಎಟಿಎಂ ಕಾರ್ಡ್. ಮೊದಲ ತಪ್ಪು, ಅಂಚು ಎದ್ದ ಕೂಡಲೇ ನೆಟ್ಟಗೆ ಮೇಲಕ್ಕೆ ಎಳೆದದ್ದು. ಟಪ್ ಅಂತ ಹರಿದು ಬತ್ತಿಯಷ್ಟು ಅಗಲದ ಚೂರು ಕೈಗೆ ಬಂತು. ಆಮೇಲೆ ಗೊತ್ತಾಯಿತು, ಚೆನ್ನಾಗಿ ಬಿಸಿ ಮಾಡಿ, ಫಿಲ್ಮನ್ನು ಹಿಂದಕ್ಕೆ ಮಡಚಿ, ಕಾರಿನ ಮೈಗೆ ಒರಗಿಸಿಕೊಂಡ ಹಾಗೆ ನಿಧಾನಕ್ಕೆ ಎಳೆಯಬೇಕು. ಅಂಟು ದಾರ ದಾರವಾಗಿ ಬಿಡುವುದು ಕಣ್ಣಿಗೆ ಕಾಣಬೇಕು, ಆ ವೇಗ. ಅವಸರ ಮಾಡಿದರೆ ಕೆಟ್ಟಿರಿ. ಒಂದು ಅಂಗೈ ಅಗಲದ ಕನ್ನಡಿಗೆ ಒಂದೂಕಾಲು ಗಂಟೆ ಹಿಡಿಯಿತು, ಆದರೂ ಅರ್ಧ ಅಂಟು ಅಲ್ಲೇ. ಅತ್ತೆಗೆ ಫೋನಿನಲ್ಲಿ ಹೇಳಿದರೆ, "ಹಲಸಿನ ಮೇಣಕ್ಕೆ ಎಂತ ಮಾಡ್ತೇವೆ? ತೆಂಗಿನೆಣ್ಣೆ ಹಚ್ಚಿ ನೋಡಿ" ಎಂದರು. ನಗಬೇಡಿ, ಕೆಲಸ ಮಾಡಿತು. ಹತ್ತು ನಿಮಿಷ ಬಿಟ್ಟು ಹೆಬ್ಬೆರಳಿನಲ್ಲಿ ಉಜ್ಜಿದರೆ ಅಂಟು ಉಂಡೆ ಉಂಡೆಯಾಗಿ ಬಂತು. ಆದರೆ ಆ ಲೆಕ್ಕದಲ್ಲಿ ಇಡೀ ಬಾನೆಟ್ಟಿಗೆ ಒಂದು ಡಬ್ಬ ಎಣ್ಣೆ, ಒಂದು ವಾರ ರಜೆ ಬೇಕಿತ್ತು. ಅಪ್ಪ ಬ್ಲೇಡ್ ತಂದು ಕೊಟ್ಟರು. ಹಾಗೇ ವಾಪಸ್ ಕೊಟ್ಟೆ. ಬ್ಲೇಡ್ ಮಾತ್ರ ದಯವಿಟ್ಟು ಮುಟ್ಟಬೇಡಿ.

ಕೊನೆಗೆ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ವರ್ಕ್‌ಶಾಪಿಗೆ ಕೊಟ್ಟೆ. ಕೀಳಲು 9,000, ಆಮೇಲಿನ ಪಾಲಿಶ್‌ಗೆ 3,500. ಬೋರ್ಡೂ ಸರಿಯಾಗಿ ಕಾಣದ ಜಾಗ, ಎಸಿ ಇಲ್ಲ, ಕಾಫಿ ಮಷೀನ್ ಇಲ್ಲ. ಆದರೆ ಓನರ್ ಕಾರು ಮುಟ್ಟುವ ಮೊದಲು ಮಾಡಿದ ಕೆಲಸ ನೋಡಿಯೇ ನನಗೆ ಇಷ್ಟವಾಯಿತು. ಬಣ್ಣದ ದಪ್ಪ ಅಳೆಯುವ ಮೀಟರ್ ತಂದು ಫಿಲ್ಮಿನ ಮೇಲೆಯೇ ಇಟ್ಟರು. ಬಾನೆಟ್ 310 ಮೈಕ್ರಾನ್. ಬಲಗಡೆ ಫೆಂಡರ್ 315. ಎಡಗಡೆ ಫೆಂಡರ್ 460. ಮೀಟರ್ ನನ್ನ ಕಡೆ ತಿರುಗಿಸಿ, "ಇದು ರೀಪೇಂಟ್ ಆಗಿದೆ ಅಲ್ವಾ ಸಾರ್?" ಎಂದರು.

ಆಗಿತ್ತು. 2020ರಲ್ಲಿ ಸ್ಕೂಟರಿನವನೊಬ್ಬ ತಾಗಿಸಿದ್ದ. ಟಿಂಕರಿಂಗ್, ಪೇಂಟಿಂಗ್ ಮಾಡಿಸಿ ಆರನೇ ದಿನಕ್ಕೇ ಆ ಹಳೆಯ ಅಂಗಡಿಯಲ್ಲಿ ಅದೊಂದು ಪೀಸ್ ಹೊಸ ಫಿಲ್ಮ್ ಹಾಕಿಸಿದ್ದೆ. "ಇಷ್ಟು ಬೇಗ ಪರವಾಗಿಲ್ವಾ?" ಎಂದು ಕೇಳಿದ್ದೆ ಕೂಡ. "ಏನೂ ಆಗಲ್ಲ ಸಾರ್" ಎಂದಿದ್ದರು. ಆಗುತ್ತದೆ. ಹೊಸದಾಗಿ ಹೊಡೆದ ಬಣ್ಣದೊಳಗಿನ ಥಿನ್ನರ್ ಪೂರ್ತಿ ಆರಿ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಅದರ ಮೇಲೆ ಉಸಿರಾಡದ ಹಾಗೆ ಪ್ಲಾಸ್ಟಿಕ್ ಹೊದಿಸಿದರೆ ಬಣ್ಣ ಕೆಳಗಿನ ಪದರಕ್ಕೆ ಹಿಡಿಯುವುದಕ್ಕಿಂತ ಫಿಲ್ಮಿಗೇ ಗಟ್ಟಿಯಾಗಿ ಹಿಡಿಯುತ್ತದೆ. ವರ್ಕ್‌ಶಾಪಿನವರು ಇದನ್ನೆಲ್ಲ ಹೇಳಿ, ಎಡಗಡೆ ಫೆಂಡರಿಗೆ ಗ್ಯಾರಂಟಿ ಇಲ್ಲ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಂಡರು.

ಮೊದಲು ಬಾನೆಟ್. ಒಬ್ಬ ಹುಡುಗ ಸ್ಟೀಮರ್ ಹಿಡಿದು ಬಿಸಿ ಕೊಡುತ್ತಾ ಹೋದ, ಇನ್ನೊಬ್ಬ ಹಿಂದಿನಿಂದ ಎಳೆಯುತ್ತಾ ಬಂದ. ನೆರಳಿದ್ದ ಕಡೆ ದೊಡ್ಡ ಹಾಳೆ ಬಂತು. ವಿಂಡ್‌ಶೀಲ್ಡ್ ಹತ್ತಿರ, ಬಿಸಿಲು ಜಾಸ್ತಿ ಬೀಳುವ ಜಾಗದಲ್ಲಿ, ಚೂರು ಚೂರು. ನಾಲ್ಕು ಗಂಟೆ ಬರೀ ಬಾನೆಟ್ಟಿಗೇ. ಉಳಿದ ಅಂಟಿಗೆ ಕಿತ್ತಳೆ ವಾಸನೆಯ ಗಮ್ ರಿಮೂವರ್ ಹಾಕಿ, ಪ್ಲಾಸ್ಟಿಕ್ ಪಟ್ಟಿಯಿಂದ ತಳ್ಳಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರು. ಕೆಳಗಿನ ಬಣ್ಣ? ಶೋರೂಮಿನಿಂದ ತಂದ ದಿನದ್ದು. ಒಂದೇ ಒಂದು ಕಲ್ಲಿನ ಗುರುತಿಲ್ಲ. ಫಿಲ್ಮ್ ಇಲ್ಲದ ಬಾಗಿಲುಗಳ ಪಕ್ಕ ಬಾನೆಟ್ ಎಷ್ಟು ಬೆಳ್ಳಗೆ ಕಂಡಿತು ಎಂದರೆ, ಭಾವಮೈದುನ ಈಗ ಬಂದರೂ ಅದೇ ಪ್ರಶ್ನೆ ಕೇಳುತ್ತಿದ್ದ.

ಇನ್ನೊಂದು ಸಿಕ್ಕಿತು. ಬಂಪರಿನಲ್ಲಿ ಹೆಡ್‌ಲೈಟಿನ ಕೆಳಗೆ ಕೂದಲೆಳೆಯಂಥ ಎರಡು ಗೆರೆ. ಕಲ್ಲಿನದಲ್ಲ. ಹಾಕುವಾಗ ಫಿಲ್ಮನ್ನು ಕಾರಿನ ಮೇಲೆಯೇ ಬ್ಲೇಡಿನಲ್ಲಿ ಕತ್ತರಿಸಿದ್ದರು, ಬ್ಲೇಡ್ ಬಣ್ಣದ ಮೇಲಿನ ಪಾರದರ್ಶಕ ಪದರಕ್ಕೂ (ಕ್ಲಿಯರ್ ಕೋಟ್) ಇಳಿದಿತ್ತು. ಬಣ್ಣ ಕಾಪಾಡಲು 42,000 ಕೊಟ್ಟು, ಮೊದಲ ಗೀರು ಹಾಕಿಸಿಕೊಂಡದ್ದು ಅವತ್ತೇ. ಮೆಷಿನ್‌ನಲ್ಲಿ ಮೊದಲೇ ಅಳತೆಗೆ ಕತ್ತರಿಸಿ ತರುವವರಿದ್ದಾರೆ, ಇಲ್ಲವೇ ದಾರ ಎಳೆದು ಫಿಲ್ಮ್ ಸೀಳುವ ಟೇಪ್ ಬಳಸುತ್ತಾರೆ. ಇದೆಲ್ಲ ನನಗೆ ಗೊತ್ತಾದದ್ದು ಆರು ವರ್ಷ ತಡವಾಗಿ.

ಫೆಂಡರ್ ಕೊನೆಗೆ. ಹುಡುಗ ಬಹಳ ಹುಷಾರಾಗಿಯೇ ಎಳೆದ. ಮೊದಲ ಗೇಣು ಚೆನ್ನಾಗಿ ಬಂತು, ನನಗೂ ಸ್ವಲ್ಪ ಧೈರ್ಯ ಬಂತು. ಆಮೇಲೆ ಚಕ್ರದ ಕಮಾನಿನ ಮೇಲೆ ಫಿಲ್ಮಿನ ಹಿಂಬದಿ ಬೆಳ್ಳಗೆ ಕಾಣತೊಡಗಿತು. ಅವನು ಕೈ ನಿಲ್ಲಿಸಿ ಓನರ್ ಮುಖ ನೋಡಿದ. ಚಪಾತಿಯಷ್ಟು ಅಗಲದ ಬಣ್ಣ ಫಿಲ್ಮಿಗೇ ಅಂಟಿಕೊಂಡು ಬಂದಿತ್ತು, ಕೆಳಗೆ ಬೂದು ಪ್ರೈಮರ್. ಯಾರೂ ಏನೂ ಮಾತಾಡಲಿಲ್ಲ. ಸಹಿ ಹಾಕಿದ್ದೆನಲ್ಲ, ಮಾತಾಡಲು ಏನಿದೆ. ಮತ್ತೆ ಬಣ್ಣ ಹೊಡೆಸಲು 7,000.

ಒಟ್ಟು ಲೆಕ್ಕ 61,500 ರೂಪಾಯಿ. ಈ ದುಡ್ಡಿನಲ್ಲಿ ಬಾನೆಟ್ಟಿಗೂ ಬಂಪರಿಗೂ ಎರಡೆರಡು ಸಲ ಬಣ್ಣ ಹೊಡೆಸಿ ಇನ್ನೂ ಉಳಿಯುತ್ತಿತ್ತು. ಕಂಪನಿಯ ಬಣ್ಣವೇ ಉಳಿಯಬೇಕು ಅನ್ನುವ ಹಟ ಇದ್ದರೆ ಮಾತ್ರ ಇದು ಸರಿ. ನನಗೆ ಇದೆ. ಬರೀ ಆಫೀಸು, ಮಾಲು, ಮನೆ ಅಂತ ಓಡಿಸುವವರಾದರೆ ಸುಮ್ನೆ ಬಿಟ್ಟುಬಿಡಿ, ಇಡೀ ಕಾರಿಗೆ ಹಾಕಿಸುವುದಂತೂ ನನ್ನ ತಲೆಗೆ ಹೋಗುವುದಿಲ್ಲ. ಫಿಲ್ಮಿಗೆ ಐದಕ್ಕೆ ಮೂರೂವರೆ, ಹಾಕಿದವರಿಗೆ ಒಂದು, ಕಿತ್ತವರಿಗೆ ನಾಲ್ಕೂವರೆ. ಅರ್ಧ ಕಳೆದದ್ದು ಸೀಟಿನ ಮೇಲೆ ಗ್ರೀಸ್ ಕೈ ಗುರುತು ಬಿಟ್ಟದ್ದಕ್ಕೆ.

ಮತ್ತೆ ಹಾಕಿಸುತ್ತೀಯಾ ಎಂದು ಆಗಲೇ ಇಬ್ಬರು ಕೇಳಿದ್ದಾರೆ. ಹಾಕಿಸುತ್ತೇನೆ, ಬಂಪರ್ ಮತ್ತು ಬಾನೆಟ್ ಮಾತ್ರ, ಅಂಚು ಒಳಗೆ ಮಡಚುವವರ ಹತ್ತಿರ. ರೋಲ್ ನಂಬರಿನ ಫೋಟೊ ನಾನೇ ತೆಗೆದುಕೊಳ್ಳುತ್ತೇನೆ. ಐದು ವರ್ಷಕ್ಕೆ ಕೀಳಲು ಎಷ್ಟು ಎಂದು ಹಾಕಿಸುವ ದಿನವೇ ಬಿಲ್ಲಿನ ಮೇಲೆ ಬರೆಸಿಕೊಳ್ಳುತ್ತೇನೆ. ಇದನ್ನು ಒಂದು ಅಂಗಡಿಯಲ್ಲಿ ಕೇಳಿದಾಗ ಮದುವೆ ಛತ್ರದಲ್ಲಿ ಡೈವೋರ್ಸ್ ಬಗ್ಗೆ ಕೇಳಿದವನನ್ನು ನೋಡಿದ ಹಾಗೆ ನೋಡಿದರು. ಇನ್ನೊಂದು ಅಂಗಡಿ ಹುಡುಕುತ್ತಿದ್ದೇನೆ.

ಫೆಂಡರಿಗೆ ಈ ಸಲ ಫಿಲ್ಮ್ ಇಲ್ಲ. ಬಣ್ಣ ಹೊಡೆದು ಮೂರು ವಾರವಾಯಿತು, ಎರಡು ತಿಂಗಳು ವ್ಯಾಕ್ಸ್ ಪಾಲಿಶ್ ಕೂಡ ಹಚ್ಚಬೇಡಿ ಎಂದಿದ್ದಾರೆ ಪೇಂಟರ್. ಕನ್ನಡಿಯ ಒಳಮೂಲೆಯಲ್ಲಿ ನಾನು ಬಿಟ್ಟ ಅಂಟು ಇನ್ನೂ ಸ್ವಲ್ಪ ಇದೆ, ಧೂಳು ಕೂತು ಕಪ್ಪಾಗಿದೆ. ಮುಂದಿನ ವಾರ ಪುತ್ತೂರಿಗೆ ಹೋದಾಗ ಅತ್ತೆಯ ಹತ್ತಿರ ಗಾಣದ ಎಣ್ಣೆ ಕೇಳಬೇಕು.