ವಿಯೆಟ್ನಾಂ ಒಂಟಿ ಪ್ರಯಾಣ: ರಾತ್ರಿ ಬಸ್ಸಾ, ಫ್ಲೈಟಾ, ಹಗಲು ರೈಲಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ರೈಲಿಗೆ, ಅದೂ ಹಗಲು ರೈಲಿಗೆ. ವಿಯೆಟ್ನಾಂಗೆ ಎರಡು ಸಲ ಒಬ್ಳೇ ಹೋಗಿದೀನಿ. ಮೊದಲನೇ ಸಲ 9 ದಿನಕ್ಕೆ 5 ಊರು, ಎರಡನೇ ಸಲ 19 ದಿನಕ್ಕೆ ಎರಡೇ ಊರು. ಮೊದಲನೇ ಟ್ರಿಪ್ಪಿನ ಫೋಟೋ ತೆಗೆದ್ರೆ ಇದು ಯಾವ ರಾಜನ ಗೋರಿ, ಯಾವ ದಿನದ್ದು ಅಂತ ಈಗ್ಲೂ ಗೊತ್ತಾಗಲ್ಲ, ಫೋಟೋ ಮೇಲಿನ ಟೈಮ್ ನೋಡಿ ಅಂದಾಜು ಮಾಡ್ಬೇಕು.

ರಾತ್ರಿ ಬಸ್ಸಿನ ಲೆಕ್ಕ ಎಲ್ಲರಿಗೂ ಒಂದೇ, ರೂಮಿನ ದುಡ್ಡು ಉಳಿಯುತ್ತೆ, ದಿನಾನೂ ಉಳಿಯುತ್ತೆ. ನಾನೂ ಹಾಗೇ ಅಂದ್ಕೊಂಡು ಹನೋಯಿಂದ ರಾಜರ ಕಾಲದ ಹಳೇ ರಾಜಧಾನಿ ಹುವೇಗೆ ಸ್ಲೀಪರ್ ಹತ್ತಿದೆ. ಹತ್ತುವಾಗ್ಲೇ ಶೂ ಬಿಚ್ಚಿಸಿ ಕೈಗೊಂದು ಪ್ಲಾಸ್ಟಿಕ್ ಕವರ್ ಕೊಡ್ತಾರೆ, ಅದ್ರಲ್ಲಿ ಹಾಕ್ಕೊಂಡು ಜೊತೆಗೇ ಮಲಗ್ಬೇಕು. ಕಾಲು ಚಾಚೋಕೆ ಮುಂದಿನವರ ತಲೆ ಕೆಳಗೆ ಒಂದು ಡಬ್ಬಿ ಥರ ಜಾಗ. ನಾನು ಕುಳ್ಳಿ, ಅದೇನೂ ತೊಂದ್ರೆ ಆಗ್ಲಿಲ್ಲ. ನಿದ್ದೆನೂ ಬಂತು.

ತೊಂದ್ರೆ ಆಗಿದ್ದು ಬಸ್ಸು ಬೇಗ ಹೋಗಿದ್ದು! ಟಿಕೆಟಲ್ಲಿ ಬೆಳಗ್ಗೆ ಆರೂವರೆ ಅಂತಿತ್ತು, 4:40ಕ್ಕೆ ಲೈಟ್ ಹಾಕಿ ಹುವೇ ಹುವೇ ಅಂತ ಕೂಗಿ ಇಳಿಸಿದ್ರು. ಬಸ್ ಸ್ಟ್ಯಾಂಡೂ ಅಲ್ಲ, ಯಾವುದೋ ರಸ್ತೆ ಪಕ್ಕ. ಕತ್ತಲು, ಶೂ ಇದ್ದ ಕವರ್ ಹುಡುಕೋ ಹೊತ್ತಿಗೆ ಜೊತೆಗಿಳಿದ ಇಬ್ಬರು ಬೈಕ್ ಹತ್ತಿ ಹೋಗಾಯ್ತು. ಹೋಂಸ್ಟೇವರೆಗೆ ನಡ್ಕೊಂಡು ಹೋದ್ರೆ ಶಟರ್ ಎಳೆದಿದೆ, ಚೆಕ್-ಇನ್ ಮಧ್ಯಾಹ್ನ ಎರಡಕ್ಕೆ. ಎಣಿಸಿ ನೋಡಿ, ಒಂಬತ್ತು ಗಂಟೆಗೂ ಜಾಸ್ತಿ. ನದಿ ಹತ್ರ ಕಾಫಿ ಅಂಗಡಿಯವಳು ಅಷ್ಟು ಹೊತ್ತಿಗೇ ಸ್ಟೂಲ್ ಹಾಕಿದ್ಲು ಪುಣ್ಯಕ್ಕೆ. ನಿದ್ದೆಗಣ್ಣಲ್ಲಿ 20,000 ಡಾಂಗ್ ನೋಟು ಅಂತ 5 ಲಕ್ಷದ್ದು ಕೊಟ್ಟು ಎದ್ದು ಹೊರಟಿದ್ದೆ, ಎರಡೂ ನೀಲಿ ಸ್ವಾಮಿ, ಮೊಬ್ಬು ಬೆಳಕಲ್ಲಿ ಯಾರಿಗೆ ಗೊತ್ತಾಗುತ್ತೆ, ಅವಳೇ ಕರೆದು ವಾಪಸ್ ಕೊಟ್ಳು.

ಕೊನೆಗೆ ಏಳಕ್ಕೆ ಶಟರ್ ತೆಗೆದಾಗ ಅರ್ಧ ದಿನದ ಬಾಡಿಗೆ ಎಕ್ಸ್‌ಟ್ರಾ ಕೊಟ್ಟು ರೂಮ್ ತಗೊಂಡು ಸಂಜೆವರೆಗೆ ಮಲಗಿದೆ. ಉಳಿಸಿದ ದುಡ್ಡು ಅಲ್ಲಿ ಹೋಯ್ತು, ಉಳಿಸಿದ ದಿನ ಹಾಸಿಗೆ ಮೇಲೆ ಹೋಯ್ತು. ಮಾರನೇ ದಿನ ವ್ಯಾನಲ್ಲಿ ಮಿನ್ ಮಾಂಗ್, ತು ದುಕ್, ಖಾಯ್ ದಿನ್ ಮೂರೂ ರಾಜರ ಗೋರಿ ಓಡೋಡಿ ನೋಡಿ, ಅದರ ಮಾರನೇ ದಿನ ಬಸ್ಸಲ್ಲಿ ಹೋಯಿ ಆನ್. ಆ ಬಸ್ಸು ಹಾಯ್ ವಾನ್ ಬೆಟ್ಟದ ಹೊಟ್ಟೆಯೊಳಗಿನ ಸುರಂಗದಲ್ಲಿ ಹೋಗುತ್ತೆ, 6 ಕಿಲೋಮೀಟರ್‌ಗಿಂತ ಉದ್ದ, 2005ರಲ್ಲಿ ತೆರೆದಿದ್ದು. ಬೇಗ ಏನೋ ಆಗುತ್ತೆ, ಆದ್ರೆ ಕಾಣಿಸಿದ್ದು ಟ್ಯೂಬ್‌ಲೈಟು.

ಫ್ಲೈಟ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ದಾನಾಂಗಿಂದ ಹೋ ಚಿ ಮಿನ್ ಸಿಟಿಗೆ ಹೋದೆ, ಒಂದೂವರೆ ಗಂಟೆ. ರಜೆ ಒಂದೇ ವಾರ ಇದ್ರೆ ಅದೇ ಸರಿ.

ಈಗ ರೈಲು. ಎರಡನೇ ಸಲ ದಾನಾಂಗಲ್ಲಿ ಇಳಿದು ಹುವೇಗೆ ರೈಲಲ್ಲೇ ಹೋದೆ, 12 ದಿನ ಆದ್ಮೇಲೆ ರೈಲಲ್ಲೇ ವಾಪಸ್ ಬಂದೆ. ಬರೀ 103 ಕಿಲೋಮೀಟರ್, ಎರಡೂವರೆ ಮೂರು ಗಂಟೆ ತಗೊಳ್ಳುತ್ತೆ. ಮೀಟರ್ ಗೇಜ್, ಒಂಟಿ ಹಳಿ, ಎದುರುಗಡೆ ಗಾಡಿ ಬಂದ್ರೆ ಕ್ರಾಸಿಂಗ್‌ಗೆ ನಿಂತ್ಕೋಬೇಕು. ಅದೇ ಬೆಟ್ಟವನ್ನ ರೈಲು ಸಮುದ್ರದ ಕಡೆಯಿಂದ ಬಳಸ್ಕೊಂಡು ಹೋಗುತ್ತೆ, ಕೆಳಗೆ ಬಂಡೆ, ಅಲೆ, ಆಮೇಲೆ ಚಿಕ್ಕ ಸುರಂಗ, ಮತ್ತೆ ಅಲೆ. ಹುವೇ ಕಡೆಯಿಂದ ಬರೋದಾದ್ರೆ ಎಡಗಡೆ ಕಿಟಕಿ ತಗೊಳ್ಳಿ. ಹನೋಯಿಂದ ಸೈಗಾನ್‌ (ಹೋ ಚಿ ಮಿನ್ ಸಿಟಿಯ ಹಳೇ ಹೆಸರು) ವರೆಗಿನ ಈ 1,726 ಕಿಲೋಮೀಟರ್ ಲೈನು 1936ರಲ್ಲಿ ಪೂರ್ತಿಯಾಗಿ, 1954ರಲ್ಲಿ ದೇಶದ ಜೊತೆ ತುಂಡಾಗಿ, 1976ರ ಕೊನೆಗೆ ಮತ್ತೆ ಸೇರಿದ್ದಂತೆ. ಬಸ್ಸಿಗಿಂತ ನಿಧಾನ ಅಂತ ಬೈಯೋಕೆ ಅದಾದ್ಮೇಲೆ ಮನಸ್ಸಾಗ್ಲಿಲ್ಲ.

ಸ್ಟೇಷನ್ನಲ್ಲಿ ಕೊಡೋ ಊಟ ಸುಮಾರು. ಟಾಯ್ಲೆಟ್ ಕೇಳ್ಬೇಡಿ.

ಒಂದೇ ಊರಲ್ಲಿ ಕೂತ್ರೆ ಬೇಜಾರಾಗಲ್ವಾ ಅಂದ್ರೆ, ಆಗುತ್ತೆ. ನಾಲ್ಕನೇ ದಿನ ಮಳೆ, ಮಾತಾಡೋಕೆ ಯಾರೂ ಇಲ್ಲ, ರೂಮಲ್ಲಿ ಕೂತು ಮುಂದಿನ ಊರಿನ ಬಸ್ ಟಿಕೆಟ್ ನೋಡ್ತಿದ್ದೆ, ಇನ್ನೇನು ದುಡ್ಡು ಕಟ್ಬೇಕು, ಆ 4:40 ನೆನಪಾಗಿ ಫೋನ್ ಪಕ್ಕಕ್ಕಿಟ್ಟೆ. ಅವತ್ತೇ ಸಂಜೆ ಬೀದಿ ಕೊನೆ ಅಂಗಡಿಯವಳು ನನ್ನ ವಯಸ್ಸು ಕೇಳಿದ್ಲು. ಅವರ ಭಾಷೇಲಿ ನಾನು, ನೀನು ಅನ್ನೋಕೂ ಯಾರು ದೊಡ್ಡವರು ಅಂತ ಗೊತ್ತಿರ್ಬೇಕು, ದೊಡ್ಡವಳು ಚಿ, ಚಿಕ್ಕವಳು ಎಮ್. ನಾನು ಎಮ್ ಆದೆ, ಅವಳು ಚಿ.

ನಾನು ಸಸ್ಯಾಹಾರಿ. ಮೊದಲನೇ ಟ್ರಿಪ್ಪಲ್ಲಿ ಬಿಸ್ಕೆಟ್, ಬಾಳೆಹಣ್ಣಲ್ಲೇ ಕಾಲ ಹಾಕಿದ್ದೆ. ಈ ಸಲ ಒಂದು ಬೆಳಗ್ಗೆ ಆ ಚಿ ಅಂಗಡಿಯಲ್ಲೇ, ದಿನಾ ಇಲ್ಲ ಅಂತ ಕೈ ಆಡಿಸ್ತಿದ್ದವಳು, 'ಚಾಯ್, ಚಾಯ್' ಅಂತ ನನ್ನೇ ಕೂಗಿ ಕರೆದ್ಲು. ಟೀ ಅಂದ್ಕೊಂಡೆ. ಅವರಲ್ಲಿ ಚಾಯ್ ಅಂದ್ರೆ ಸಸ್ಯಾಹಾರ, ಅವರ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಬೌದ್ಧರು ತುಂಬಾ ಜನ ಮಾಂಸ ಮುಟ್ಟಲ್ಲ, ಹುವೇಲಂತೂ ಇದು ಜೋರು. ಅವತ್ತು ಬೀದಿಲಿ ಎಲ್ಲಿ ನೋಡಿದ್ರೂ ತೋಫು, ಅಣಬೆ ಹಾಕಿದ ನೂಡಲ್ಸ್, ಎರಡು ಬಟ್ಟಲು ತಿಂದೆ. ಎರಡು ದಿನಕ್ಕೆ ಊರು ಬಿಡೋರಿಗೆ ಇದು ಸಿಕ್ಕಿದ್ರೆ ಅದೃಷ್ಟ ಅಷ್ಟೇ.

ಬಜೆಟ್ ವಿಷ್ಯ: ಟಿಕೆಟ್ ಮಾತ್ರ ನೋಡಿದ್ರೆ ಬಸ್ಸೇ ಅಗ್ಗ. ಆದ್ರೆ ಒಂದೇ ರೂಮನ್ನ 12 ದಿನಕ್ಕೆ ಕೇಳಿದ್ರೆ ಬಾಡಿಗೆ ಇಳಿಸ್ತಾರೆ, ಓಡಾಟದ ಖರ್ಚು ಸೈಕಲ್ಲಿಗೆ ಮುಗಿಯುತ್ತೆ. ನಾನು ಎಂಟಕ್ಕೆ ಮುಂಚೆ ಏಳೋಳಲ್ಲ, ಗೋರಿಗಳಲ್ಲಿ ಒಂದು ಸಾಕು ನನಗೆ, ಈ ಸಲ ತು ದುಕ್‌ನದು ಮಾತ್ರ, ಎರಡು ಸಲ ಹೋದೆ. ಇ-ವೀಸಾ ಈಗ 90 ದಿನದವರೆಗೂ ಸಿಗುತ್ತೆ, ರಜೆ ಸಿಗಲ್ಲ ಅನ್ನೋದು ಬೇರೆ ಮಾತು. ಮುಂದಿನ ಸಲ ಟಿಕೆಟ್ ಬುಕ್ ಮಾಡೋಕೆ ಮುಂಚೆ ಪಂಚಾಂಗ ತೆಗೆದು ಹುಣ್ಣಿಮೆ ಯಾವತ್ತು ಅಂತ ನೋಡ್ಕೋತೀನಿ.