ನಾಯಿಮರಿಯನ್ನು ಒಳಗೆ ಕೊಟ್ಟು ನೀವು ಹೊರಗೆ ಕೂರಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಮೊದಲ ಸಲ ಮರಿಯನ್ನು, ಕೂದಲು-ಉಗುರು ಕತ್ತರಿಸಿ ಚೊಕ್ಕ ಮಾಡುವ ಗ್ರೂಮಿಂಗ್‌ಗೆ ಕರೆದೊಯ್ಯುವವರು ದಯವಿಟ್ಟು ಇದನ್ನು ಓದಬೇಕು. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನಮ್ಮ ಲಾಸಾ ಆಪ್ಸೊ ಮರಿ ಎಂಟು ವಾರದ್ದಿರುವಾಗ ಮನೆಗೆ ಬಂತು. ಅಂದಿನಿಂದ ದಿನಾ ಸಂಜೆ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪಂಜವನ್ನು ಒಂದು ಕ್ಷಣ ಹಿಡಿದು ಬಿಟ್ಟು, ಕೂಡಲೇ ಬೇಯಿಸಿದ ಮೊಟ್ಟೆಯ ಚೂರು ಕೊಡುತ್ತಿದ್ದೆ. ಮರುವಾರದಿಂದ ಬಾಚಣಿಕೆ, ಆಮೇಲೆ ಟ್ರಿಮ್ಮರನ್ನು ಪಕ್ಕದ ಕೋಣೆಯಲ್ಲಿ ಚಾಲೂ ಮಾಡಿಟ್ಟು ಬರೀ ಅದರ ಸದ್ದಿನ ರೂಢಿ. ಎರಡು ತಿಂಗಳಲ್ಲಿ ಅದು ತಾನಾಗಿಯೇ ಕಾಲು ಚಾಚತೊಡಗಿತ್ತು.

ಲಸಿಕೆಗಳು ಮುಗಿದ ಮೇಲೆ, ಮರಿಗಳಿಗೆಂದೇ ಮೂರು ಭೇಟಿಯ ಪ್ಯಾಕೇಜ್ ಇದೆ, ಮೊದಲ ದಿನ ಬರೀ ಪರಿಚಯ ಎಂದ ಅಂಗಡಿಯವರನ್ನು ನಂಬಿ 2,400 ರೂಪಾಯಿಯನ್ನು ಮುಂಗಡವಾಗಿಯೇ ಕಟ್ಟಿದೆ. "ನೀವು ಎದುರಿಗಿದ್ರ ಹಟಾ ಮಾಡತೈತ್ರಿ ಅಕ್ಕಾರ, ಹೊರಗ ಕುಂದರ್ರಿ" ಎಂದರು. ಕುಳಿತೆ. ಅರ್ಧ ತಾಸಿಗೆ ಕೆಂಪು ರಿಬ್ಬನ್ ಕಟ್ಟಿದ ಮರಿಯ ಫೋಟೋ ಮೊಬೈಲಿಗೆ ಬಂತು. ಅದನ್ನು ಗದಗಿನಲ್ಲಿರುವ ಅವ್ವನಿಗೆ, ತಂಗಿಗೆ, ಎಲ್ಲರಿಗೂ ಹೆಮ್ಮೆಯಿಂದ ಕಳಿಸಿದೆ.

ರಾತ್ರಿ ಮರಿ ಒಂದೇ ಸಮನೆ ಮುಂಗಾಲು ನೆಕ್ಕುತ್ತಿತ್ತು. ಬೆಳಕಿಗೆ ಹಿಡಿದು ನೋಡಿದರೆ ಎರಡು ಉಗುರುಗಳ ತುದಿಗೆ ಹಳದಿ ಪುಡಿ ಮೆತ್ತಿ ಗಟ್ಟಿಯಾಗಿತ್ತು, ಅದರಡಿ ಕಪ್ಪುಗಟ್ಟಿದ ರಕ್ತ. ಉಗುರಿನೊಳಗೆ ರಕ್ತನಾಳವೂ ನರವೂ ಇರುತ್ತವೆ. ಕಪ್ಪು ಉಗುರಿನಲ್ಲಿ ಅದು ಕಾಣುವುದಿಲ್ಲವಾದ್ದರಿಂದ ಸ್ವಲ್ಪಸ್ವಲ್ಪವೇ ಕತ್ತರಿಸಬೇಕೆಂಬುದು ಆ ಕೆಲಸದವರಿಗೆ ಗೊತ್ತಿರಲೇಬೇಕು. ಆಗ ಅದೇ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ರಿಬ್ಬನ್ನಿನ ಕೆಳಗೆ, ಮೇಜಿನ ಕಂಬದಿಂದ ಇಳಿಬಿಟ್ಟ ಕುಣಿಕೆ ಮರಿಯ ಕುತ್ತಿಗೆಗೆ ಬಿಗಿದಿತ್ತು, ಹಿಂಗಾಲುಗಳು ಮೇಜಿಗೆ ತಾಗಿಯೂ ತಾಗದಂತಿದ್ದವು. ಎಲ್ಲರಿಗೂ ನಾನು ಕಳಿಸಿದ್ದು ಆ ಫೋಟೋವನ್ನು. ಆ ಕ್ಷಣ ನನಗೆ ಉಸಿರೇ ಕಟ್ಟಿತು.

ಮರುದಿನ ಫೋನ್ ಮಾಡಿದರೆ, "ಮರಿ ಅಂದ್ರ ಅಳತೈತ್ರಿ, ನಾಲ್ಕ ಸಲಾ ಬಂದ್ರ ತಾನ ರೂಢಿ ಆಗತೈತಿ." ರಕ್ತ ಬಂದದ್ದನ್ನು ನನಗೇಕೆ ಹೇಳಲಿಲ್ಲ ಎಂದರೆ, "ಪುಡಿ ಹಚ್ಚೇವಲ್ರಿ, ನಿಂತಿತ್ತು." ಪುಡಿ ಹಚ್ಚಿದ್ದಾರಂತೆ! ಹೇಳಲಿಲ್ಲವೇಕೆ ಎಂದು ಮೂರು ಸಲ ಕೇಳಿದೆ, ಮೂರು ಸಲವೂ ಪುಡಿಯ ಮಾತೇ. ಹಣ ಕೇಳಿದರೆ, "ಪ್ಯಾಕೇಜಿನ ರೊಕ್ಕಾ ವಾಪಸ್ ಇಲ್ರಿ, ಉಳಿದ ಎರಡ ಸಲಾ ಕರಕೊಂಡ ಬರ್ರಿ."

ವೈದ್ಯರು ಗಾಯ ತೊಳೆದು ಔಷಧ ಕೊಟ್ಟರು, ಉಗುರು ಮಾಗುತ್ತಿದೆ. ಆದರೆ ಈಗ ನಾನು ಬಾಚಣಿಕೆ ಎತ್ತಿಕೊಂಡರೆ ಸಾಕು, ಮರಿ ಮಂಚದ ಕೆಳಗೆ ಓಡುತ್ತದೆ. ಮೊಟ್ಟೆಯ ಚೂರಿನಿಂದ ಮತ್ತೆ ಶುರು ಮಾಡಿದ್ದೇನೆ.

ಮರಿಯ ಜೊತೆ ಒಳಗೆ ನಿಲ್ಲಲು ಬಿಡದ ಕಡೆಗೆ ಹೋಗಲೇಬೇಡಿ. ಮುಂಗಡ ಕಟ್ಟಬೇಡಿ. ಮೊದಲ ದಿನ ಉಗುರು ಮುಟ್ಟಕೂಡದೆಂದು ಬಾಯಿಬಿಟ್ಟು ಹೇಳಿ, ಮರಿ ನಡುಗಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಎತ್ತಿಕೊಂಡು ಬನ್ನಿ.

ಆ ಫೋಟೋ ಇನ್ನೂ ಅಂಗಡಿಯವರ ವಾಟ್ಸಾಪ್ ಪ್ರೊಫೈಲಿನಲ್ಲಿದೆ. ತೆಗೆಯಿರಿ ಎಂದು ಕೇಳಿಕೊಂಡೆ. "ಛಲೋ ಬಂದೈತಲ್ರಿ, ಇರ್ಲಿ ಬಿಡ್ರಿ" ಎಂದರು.