ನಿರ್ವಹಣಾ ಒಪ್ಪಂದ ಮುಗಿದ ಮೇಲೂ ಉಳಿದ ಲೆಕ್ಕದ ತಂತ್ರಾಂಶ
ಸೋಮವಾರಪೇಟೆಯ ನಮ್ಮ ಕಾಫಿ, ಕರಿಮೆಣಸಿನ ಮಂಡಿಗೆ ಕೊಂಡಿದ್ದ ಲೆಕ್ಕದ ತಂತ್ರಾಂಶದ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನಾವು ಕಳೆದ ವರ್ಷ ನವೀಕರಿಸಲಿಲ್ಲ. ಪರವಾನಗಿ ಶಾಶ್ವತವಾದುದರಿಂದ, ಒಪ್ಪಂದ ಮುಗಿಯುವ ಮುನ್ನ ಬಂದಿದ್ದ ಆವೃತ್ತಿಯನ್ನು ಬಳಸುವ ಹಕ್ಕು ನಮಗೆ ಉಳಿಯಿತು. ನಿಂತದ್ದು ಹೊಸ ಆವೃತ್ತಿಗಳು ಮತ್ತು ಫೋನಿನ ನೆರವು ಮಾತ್ರ. ಬಿಲ್ಲು, ದಾಸ್ತಾನು, ಹಳೆಯ ಖಾತೆಗಳು ಎಲ್ಲವೂ ಮೊದಲಿನಂತೆಯೇ ತೆರೆಯುತ್ತವೆ.

ತೊಡಕಾದದ್ದು ಮಳೆಗಾಲದಲ್ಲಿ. ಸಿಡಿಲಿಗೆ ಕಂಪ್ಯೂಟರ್ ಕೆಟ್ಟು ಪರವಾನಗಿಯನ್ನು ಹೊಸದಕ್ಕೆ ವರ್ಗಾಯಿಸಲು ಕೇಳಿದಾಗ, ಬಾಕಿ ವರ್ಷದ ಶುಲ್ಕ ಕಟ್ಟದೆ ಆಗದು ಎಂದು ಮಾರಾಟಗಾರರು ಹೇಳಿದ್ದು ನನಗೆ ಬಹಳ ಬೇಸರ ತಂದಿತು, ಏಕೆಂದರೆ ಒಪ್ಪಂದಪತ್ರದಲ್ಲಿ ಅಂಥ ಷರತ್ತೇ ಇರಲಿಲ್ಲ. ಆ ಪುಟವನ್ನು ತೋರಿಸಿದ ಮೇಲೆ ಎರಡೇ ದಿನದಲ್ಲಿ ಕೆಲಸವಾಯಿತು. ನಷ್ಟವಾಗದಂತೆ ತಂತ್ರಾಂಶದ ರಕ್ಷಣಾ ಪ್ರತಿಯನ್ನು ಇಟ್ಟುಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಕಾನೂನುಬದ್ಧ ಬಳಕೆದಾರರಿಗೆ ಅವಕಾಶ ಕೊಡುತ್ತದೆ. ಅಂಥ ಪ್ರತಿ ಇದ್ದುದರಿಂದಲೇ ನಾವು ಬಚಾವಾದೆವು.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಸರಕುಗಳ ದರವನ್ನು ನಾವೇ ಕೈಯಾರೆ ತಿದ್ದಿದೆವು. ರಿಟರ್ನ್ಸ್ ನಮೂನೆಯೇ ಬದಲಾದರೆ ಮಾತ್ರ ಹಳೆಯ ಆವೃತ್ತಿ ಸಾಲದು. ತಂತ್ರಾಂಶಕ್ಕೆ ನಾಲ್ಕು ನಕ್ಷತ್ರ, ಮಾರಾಟಗಾರರ ಸೇವೆಗೆ ಎರಡು.